ತಾಳೆ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ
ನನ್ನ ಕೆಲಸ ಇಷ್ಟೇ: ಚೆಕ್ಕಿನ ಸಹಿಯನ್ನು
ಕಾರ್ಡಿನ ಸಹಿಯ ಪಕ್ಕ ಇಟ್ಟು ನೋಡುವುದು.
ತಾಳೆಯಾಗದಿದ್ದರೆ ಒಂದು ಮೊಹರು.
ಎಷ್ಟೋ ಜನರಿಗೆ ಅವರು ಅವರಲ್ಲ ಎಂದು
ಹೇಳಿ ಕಳಿಸಿದ್ದೇನೆ.

ಈಗ ಮಾಮೂಲ್‌ಪೇಟೆಯ ಓಣಿಯಲ್ಲಿ
ಇಮ್ದಾದ್ ಸಾಹೇಬರ ಅಂಗಡಿಯ ಅಟ್ಟ.
ಕೆಳಗೆ ಬಳೆಗಳ ಸಗಟು ವ್ಯಾಪಾರ,
ಮೇಲೆ ನಾನು, ಭೂತಗನ್ನಡಿ, ನೇರಳೆ ಬೆಳಕಿನ ಟಾರ್ಚು;
ಬ್ಯಾಟು, ಹಾಕಿ ಕೋಲು, ಬೆವರಿಗೆ ಹಳದಿಗಟ್ಟಿದ ಜೆರ್ಸಿ.

ಬ್ಯಾಂಕು ಕಲಿಸಿದ್ದು:
ಎರಡು ಸಹಿ ಅಚ್ಚೊತ್ತಿದ ಹಾಗೆ ಒಂದೇ ಥರ ಇದ್ದರೆ
ಅದರಲ್ಲಿ ಒಂದು ಕಳ್ಳ.
ನಿಜದ ಕೈಗೆ ಅವಸರ, ಬಸ್ಸು ಹೊರಟಿರುತ್ತದೆ,
ಕೊನೆಯ ಅಕ್ಷರ ಅರ್ಧಕ್ಕೇ ಎದ್ದು ಹೋಗುತ್ತದೆ.
ಸುಳ್ಳಿನ ಕೈ ತಿರುವಿನಲ್ಲಿ ನಿಂತು ಯೋಚಿಸುತ್ತದೆ,
ನಿಂತಲ್ಲಿ ಶಾಯಿ ಹನಿಗಟ್ಟುತ್ತದೆ.

ಬೆಲೆ ಕಟ್ಟುವುದು ಸಾಹೇಬರ ಬಾಬತ್ತು.
ಆಟಗಾರ ಬದುಕಿದ್ದರೆ ಇಷ್ಟು.
ಆಸ್ಪತ್ರೆಯಲ್ಲಿದ್ದರೆ, ಸ್ವಲ್ಪ ತಡೆಯೋಣ ಅನ್ನುತ್ತಾರೆ,
ಅಂದು ಕಿವಿ ಮುಟ್ಟಿಕೊಳ್ಳುತ್ತಾರೆ.

ಆ ಮಂಗಳವಾರ ಆಸ್ಟಿನ್ ಟೌನಿನಿಂದ
ಆರೋಗ್ಯಮೇರಿ ಬಂದರು.
ವೈರಿನ ಬುಟ್ಟಿ, ಮೇಲೆ ನುಗ್ಗೆಸೊಪ್ಪು,
ಅಡಿಯಲ್ಲಿ ಗಾಳಿ ಬಿಟ್ಟ ಫುಟ್‌ಬಾಲು.
"ಕಂಟೋನ್ಮೆಂಟ್ ರೋವರ್ಸ್, ಕಪ್ಪು ಗೆದ್ದ ವರ್ಷದ್ದು ಮೇಡಂ.
ಹನ್ನೊಂದು ಜನರದ್ದೂ ಇದೆ."

ಸಾಹೇಬರ ಆಲ್ಬಮ್ಮಿನ ಮಾದರಿಯ ಪಕ್ಕ ಇಟ್ಟೆ.
ತಾಳೆ.
ಶಾಯಿ ಹಳೆಯದು, ಎಲ್ಲೂ ಹನಿಗಟ್ಟಿಲ್ಲ, ಹೊಲಿಗೆ ದಾಟುವಾಗ
ಪೆನ್ನು ಎಡವಿದ್ದು ಸಹ ಸರಿಯಾಗಿದೆ.
ಸರ್ಟಿಫಿಕೇಟಿಗೆ ಕೈ ಹಾಕಿದವಳು
ಸುಮ್ಮನೆ ಚೆಂಡನ್ನು ಇನ್ನೊಂದು ಸುತ್ತು ತಿರುಗಿಸಿದೆ.

ಗೋಲಿಯ ಹೆಸರಿನ ಬಾಲದಲ್ಲಿ ಎಡಕ್ಕೊಂದು ಕೊಕ್ಕೆ.
ಲೆಫ್ಟ್ ಬ್ಯಾಕಿಗೂ ಅದೇ. ಕ್ಯಾಪ್ಟನ್ ಧನಕೋಟಿಗೂ.

ಧನಕೋಟಿ!
ಕ್ರೀಡಾ ಕೋಟಾದಲ್ಲಿ ನಮ್ಮ ಶಾಖೆಗೇ ಬಂದವನು.
ಹಾಜರಿ ಪುಸ್ತಕದಲ್ಲಿ ದಿನಾ ನನ್ನ ಕೆಳಗಿನ ಸಾಲು,
ಹತ್ತು ಗಂಟೆ ಹತ್ತು ನಿಮಿಷಕ್ಕೆ ಓಡಿ ಬಂದು
ಮೈದಾನದ ಕೆಮ್ಮಣ್ಣು ಅಂಟಿದ ಬೆರಳಲ್ಲಿ
ಎರಡು ಗೀಟು, ಒಂದು ಚುಕ್ಕೆ.
ಕೊಕ್ಕೆ ಇರಲಿಲ್ಲ.
ಆಲ್ಬಮ್ಮು ಮೊದಲ ಸಲ ಕಂಡಾಗಲೇ ಇದು ಚುಚ್ಚಿತ್ತು.
ಆಟಗಾರರಿಗೆ ಸಂಬಳಕ್ಕೊಂದು ಸಹಿ,
ಅಭಿಮಾನಿಗಳಿಗೊಂದು, ಇರಬಹುದು ಬಿಡು ಅಂದುಕೊಂಡಿದ್ದೆ.
ಆರು ವರ್ಷ ಅಂದುಕೊಂಡೇ ಇದ್ದೆ.

ಹೇಳಲೋ ಬೇಡವೋ ಎಂದು ತಡವರಿಸಿ ಹೇಳಿದೆ.
"ಇದೆಲ್ಲ ಒಬ್ಬರದೇ ಕೈಬರಹ ಅಮ್ಮಾ."

ಆಕೆ ನಕ್ಕುಬಿಟ್ಟರು. ಸೊಪ್ಪು ಸರಿಮಾಡಿಕೊಳ್ಳುತ್ತ,
"ನಮ್ಮ ಮನೆಯವರದು. ಸವರಿಮುತ್ತು.
ಬೂಟು ಒರೆಸೋದು, ಚೆಂಡಿಗೆ ಗಾಳಿ, ಬಲೆ ಕಟ್ಟೋದು.
ಗೇಟಲ್ಲಿ ಹುಡುಗರು ಪುಸ್ತಕ ಹಿಡಿದು ನಿಂತಿರೋವು,
ಇವರೆಲ್ಲ ಸುಸ್ತಾಗಿ ಮಲಗಿರೋರು.
ಖಾಲಿ ಕೈಲಿ ಕಳಿಸೋಕೆ ಆಗುತ್ತಾ?
ಒಳಗೆ ತಗೊಂಡೋಗಿ ಬೆಂಚಿನ ಮೇಲೆ
ಹನ್ನೊಂದೂ ಬರೆದು ತಂದುಕೊಡೋರು.
ಒಂದೊಂದು ಸಂಜೆ ಐವತ್ತು, ಅರವತ್ತು."

ಆಲ್ಬಮ್ಮನ್ನು ಮತ್ತೆ ತೆರೆದೆ.
ಕೊಕ್ಕೆ, ಕೊಕ್ಕೆ, ಕೊಕ್ಕೆ.
ಸದಾಶಿವನಗರದ ಗಾಜಿನ ಬೀರುವಿನಲ್ಲಿ, ಕೋರಮಂಗಲದ ಹೋಟೆಲಿನಲ್ಲಿ,
ನನ್ನ ಮೊಹರಿನ ಅಡಿ
ಎಷ್ಟು ಸವರಿಮುತ್ತುಗಳು ಬೆಳಗುತ್ತಿದ್ದಾರೋ.

"ಅವರ ಸ್ವಂತ ಸಹಿ ಇದೆಯಾ, ಎಲ್ಲಾದರೂ?
ತಾಳೆ ನೋಡಬೇಕು."

ಆರೋಗ್ಯಮೇರಿ ಬುಟ್ಟಿಯ ಹಿಡಿಯನ್ನು
ಒಮ್ಮೆ ಬಿಚ್ಚಿ, ಮತ್ತೆ ಸುತ್ತಿದರು.
"ಅವರ ಸಹಿ ಯಾರು ಕೇಳಿದ್ರು ಮೇಡಂ?"

ಕೆಳಗೆ ಯಾರೋ ಬಳೆಯ ಗೋಣಿ ಇಳಿಸಿದರು,
ಅಟ್ಟವೆಲ್ಲ ಸಣ್ಣಗೆ ಕಿಣಿಕಿಣಿ.
ಹಾಳೆ ಎಳೆದುಕೊಂಡೆ. ಸಹಿ ಮಾಡಿದವರು:
ಸವರಿಮುತ್ತು, ಹನ್ನೊಂದು ಸಲ.
ಅಸಲಿ.
ಬೆಲೆಯ ಜಾಗ ಖಾಲಿ ಬಿಟ್ಟು
ನನ್ನ ಹೆಸರು ಹಾಕಿದೆ. ಕೈ ನಡುಗಿತ್ತು ಅನಿಸುತ್ತದೆ,
ಬ್ಯಾಂಕಿನಲ್ಲಾಗಿದ್ದರೆ
ವಾಪಸ್ ಕಳಿಸುತ್ತಿದ್ದೆ.