ಮುನ್ನೂರ ಹನ್ನೊಂದು

ಕಾರ್ಡಿನ ಎಡಮಗ್ಗುಲಿಗೆ ಒಂದು ಬೀಗವಿದೆ,
ಅಕ್ಕಿಕಾಳಿನಷ್ಟು.
ಉಗುರಿನಿಂದ ಕೆಳಕ್ಕೆ ತಳ್ಳಿದರೆ
ಕಾರ್ಡು ಮುಚ್ಚಿತು ಅಂತ ಲೆಕ್ಕ.
ಮುಚ್ಚಿದರೆ ಮಾತ್ರ
ಈ ಕ್ಯಾಮೆರಾ ತೆರೆಯುತ್ತದೆ.

ಯಾಕೆ ಅಂತ ಕೇಳಬೇಡಿ.
ಯಾವುದೋ ಊರಲ್ಲಿ ಯಾರೋ ನಿದ್ದೆಗೆಟ್ಟು
ಕೂಲಿ ಕೇಳದೆ ಬರೆದಿಟ್ಟ ಫರ್ಮ್‌ವೇರು
ಒಳಗೆ ಬಂದು ಚಾಪೆ ಹಾಸಿ ಕೂರುತ್ತದೆ.
ಗೋಡೆ ಒಡೆಯುವುದಿಲ್ಲ, ಯಾರನ್ನೂ ಎಬ್ಬಿಸುವುದಿಲ್ಲ,
ಮನೆಯವರೇ ಮರೆತ ಕೋಣೆಗಳ
ಅಗುಳಿ ತೆಗೆಯುತ್ತದೆ, ಅಷ್ಟೆ.

ಹದಿನೈದು ಸೆಕೆಂಡಿಗಿಂತ ಹೆಚ್ಚು ಕಣ್ಣು ಬಿಡಲಾರೆ
ಅನ್ನುತ್ತಿದ್ದದ್ದು
ನಲವತ್ತು ಸೆಕೆಂಡು ರೆಪ್ಪೆ ಬಡಿಯದೆ ನೋಡಿತು.
ಏಳು ವರ್ಷ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನೆದುರು
ಪಾಸ್‌ಪೋರ್ಟ್ ಸೈಜಿನ ಮುಖಗಳನ್ನೇ ನೋಡಿದ ಡಬ್ಬ,
ನನ್ನ ಹಾಗೇ.

ಮಳ್ಳೂರಿನ ಗಂಗುಲಪ್ಪನ ಹುಳದ ಮನೆ.
ನಾಲ್ಕನೇ ಜ್ವರ ಎದ್ದು, ಏಳು ದಿನ ಸೊಪ್ಪು ಮೆದ್ದು,
ಹುಳ ಹಣ್ಣಾಗಿತ್ತು.
ಚಂದ್ರಿಕೆಗೆ ಬಿಟ್ಟ ಸಂಜೆ ಕೇಳಿದೆ:
ಒಂದು ರಾತ್ರಿ ಇದನ್ನಿಲ್ಲಿ ಇಟ್ಟುಹೋಗಲಾ?
"ಫ್ಲಾಶ್ ಹೊಡೆದೀಯ ಮತ್ತೆ! ಹುಳಕ್ಕೆ ಬೆಳಕು ಆಗಲ್ಲ."
ಹೊಡೆಯಲ್ಲ. ಜೀರೋ ಬಲ್ಬು ಸಾಕು.
"ಕಾಯೋರು ಯಾರು?"
ಅದೇ ಕಾಯುತ್ತೆ.
ನಕ್ಕ. ಬೀಡಿ ಆರಿಸಿ ಬಾಗಿಲಾಚೆ ಎಸೆದು ಬಂದ.

ಪುಟ್ಟ ಶೆಲ್ಲು ರಾತ್ರಿ ತಾಳವು ಅಂತ
ಟಾರ್ಚಿನ ದಪ್ಪ ಶೆಲ್ಲೆರಡಕ್ಕೆ ವೈರು ಕಟ್ಟಿದೆ.
ಪರದೆ ಆರಿಸಿದೆ. ನಿಮಿಷಕ್ಕೊಂದು ಚಿತ್ರ,
ರಾತ್ರಿ ಒಂಬತ್ತರಿಂದ ಬೆಳಗಿನ ಐದಕ್ಕೆ,
ನಾನೂರ ಎಂಬತ್ತು.
ಕಂಪನಿ ಕಲಿಸದ ಎಣಿಕೆ.

ಬೆಳಿಗ್ಗೆ ಸ್ಟುಡಿಯೋದ ಕಂಪ್ಯೂಟರಿನೆದುರು
ಗಂಗುಲಪ್ಪ ಸ್ಟೂಲಿನ ತುದಿಯಲ್ಲಿ ಕೂತ.
ಬಾಣ ಒತ್ತುತ್ತಾ ಹೋದೆ.
ಹುಳದ ಮೈ ಮೈಯಾಗಿಯೇ ಇದೆ,
ತಲೆ ಮಾತ್ರ ಹೊಗೆ.
ನಲವತ್ತು ಸೆಕೆಂಡು ಎಂಟು ಬರೆದೂ ಬರೆದೂ
ತಲೆಯೇ ಅಳಿಸಿಹೋಗಿದೆ.
ನೂರ ಇಪ್ಪತ್ತಕ್ಕೆ ಮಂಜು,
ಇನ್ನೂರಕ್ಕೆ ಮಲ್ಲು ಬಟ್ಟೆ,
ನಾನೂರಕ್ಕೆ ಒಳಗೆ ಯಾರೋ ದೀಪ ಹಿಡಿದು
ಓಡಾಡಿದ ಹಾಗೆ.
"ಮೂವತ್ತು ವರ್ಷ ಸಾಕಿದೀನಿ ಜಬೀನಾ,
ಹುಳ ಬಿಟ್ಟ ಮೇಲೆ ಬಾಗಿಲು ಹಾಕ್ಕೊಂಡು ಬರ್ತೀವಿ.
ಇದನ್ನ ನೋಡಿರಲಿಲ್ಲ."

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

"ತಡಿ. ಹಿಂದಕ್ಕೆ ಹೋಗು. ಇನ್ನೂ.
ಆ ಮೂಲೆ ದೊಡ್ಡದು ಮಾಡು."
ಮುನ್ನೂರ ಹನ್ನೊಂದು. ರಾತ್ರಿ ಎರಡು ಹನ್ನೊಂದು.
ಗೂಡು ಕಟ್ಟದ ಒಂದು ಹುಳ.
ನಾನು ಗಮನಿಸಿಯೇ ಇರಲಿಲ್ಲ;
ನನ್ನ ಕಣ್ಣೆಲ್ಲ ನಡುವಿನ ಅಂದದ ಮೇಲಿತ್ತು.
ಮುನ್ನೂರರಲ್ಲಿ ಅಂಚಿನ ಮೇಲೆ,
ಮುನ್ನೂರ ಐದರಲ್ಲಿ ಇನ್ನೊಂದು ಅಂಚಿನ ಮೇಲೆ,
ಮಲಗಲು ಜಾಗ ಸಿಗದ ನೆಂಟನ ಹಾಗೆ.
ಆಮೇಲೆ ತಲೆಕೆಳಗಾಗಿ ಜೋತು,
ಬಾಯಲ್ಲಿ ಬೆಳ್ಳಗೆ ಒಂದು ಹನಿ.
ಮುನ್ನೂರ ಹನ್ನೆರಡರಲ್ಲಿ
ಬರೀ ಬಿದಿರು.

"ಹಾಲುತೊಂಡೆ,"
ಅಂದ, ನನಗಲ್ಲ.
ಪರದೆಯ ಗಾಜಿನ ಮೇಲೆ ಬೆರಳಿಟ್ಟ,
ಒರೆಸಿದರೆ ಹೋದೀತೇನೋ ಎಂಬಂತೆ.
"ಈ ಸಲ ಸುಣ್ಣ ಸರಿಯಾಗಿ ಹೊಡೀಲಿಲ್ಲ.
ಇನ್ನೆಷ್ಟು ಬಿದ್ದಿವೆಯೋ, ನಿನ್ನ ಕ್ಯಾಮೆರಾ
ನೋಡದ ಕಡೆ."
ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.
ಟೀ ತರಿಸಿದ್ದೆ, ಅದು ಅಲ್ಲೇ ಕೆನೆಗಟ್ಟಿತು.

ಒಂದು ಚಿತ್ರ ಪ್ರಿಂಟು ಹಾಕಿ ಗೋಡೆಗೆ ಅಂಟಿಸಬೇಕೆಂದಿದ್ದೆ,
ನಾನೂರನೆಯದು, ದೀಪ ಹಿಡಿದದ್ದು.
ಇನ್ನೂ ಅಂಟಿಸಿಲ್ಲ.

ಸಂಜೆ ಹೊತ್ತಿಗೆ ಒಬ್ಬ ಹುಡುಗ ಬಂದ,
ಹಾಲ್‌ಟಿಕೆಟ್ಟಿಗೆ ಫೋಟೋ ಬೇಕು.
ಬೀಗ ಮೇಲಕ್ಕೆ ತಳ್ಳಿದೆ.
ಕ್ಯಾಮೆರಾಕ್ಕೆ ಏನೂ ನೆನಪಿಲ್ಲ,
ಹಳೇ ರಾಗದಲ್ಲಿ ಟಿಣ್ ಅಂದು ಎದ್ದಿತು.
ಗಲ್ಲ ಸ್ವಲ್ಪ ಮೇಲೆ, ಅಂದೆ.
ಅಲ್ಲಾಡಬೇಡ.
ಹುಡುಗನ ಹೆಗಲಾಚೆ, ಪರದೆಯ ಮೂಲೆಯಲ್ಲಿ
ಏನಾದರೂ ಜೋತಿದೆಯಾ
ಅಂತ ಇನ್ನೊಮ್ಮೆ ನೋಡಿ
ಒತ್ತಿದೆ.