ಹದ ನಿಲ್ಲುವ ಮಟ್ಟ

ಮೂರನೇ ರಾತ್ರಿಯೂ ಲೆಕ್ಕ ದಡ ಸೇರಲಿಲ್ಲ.
ನೂರಾ ಹನ್ನೆರಡು ಅನಿಲ, ಒಂಬೈನೂರು ಚಿಲ್ಲರೆ ಕ್ರಿಯೆ,
ಊಟದ ಮೇಜಿನ ಮೇಲೆ ಬುಸುಗುಡುವ ಹಳೇ ಕಂಪ್ಯೂಟರು.
ಕೆಳಗೆ, ಮಾರ್ಕೆಟ್ ರಸ್ತೆಗೆ ಬಾಗಿಲು ತೆರೆದ
ಲಿಗೋರಿ ಪಿಂಟೊರ ಕಾಫಿಪುಡಿ ಅಂಗಡಿ.
ಮೇಲಿನ ಮನೆಗೆ ಬಾಡಿಗೆ ಕಡಿಮೆ, ನೆಲ ಬಿಸಿಯೆಂದು.
ಚಿಕ್ಕಮಗಳೂರಿನ ಡಿಸೆಂಬರಿನಲ್ಲಿ ಅದೊಂದು ದೂರಲ್ಲ.

ನಾನು ಕಟ್ಟುತ್ತಿರುವ ಗ್ರಹಕ್ಕೆ ಡಿಸೆಂಬರಿಲ್ಲ.
ತನ್ನ ಸೂರ್ಯನಿಗೆ ಒಂದೇ ಕೆನ್ನೆ ಕೊಟ್ಟು
ಮೂರೂವರೆ ದಿನಕ್ಕೊಂದು ವರ್ಷ ಮುಗಿಸುತ್ತದೆ.
ಅಲ್ಲಿ ಹಗಲು ಹಗಲೇ, ಇರುಳು ಇರುಳೇ,
ನಡುವೆ ಓಡಾಡುವುದು ಗಾಳಿಯೊಂದೇ.
ಯಾರೂ ಕಂಡವರಿಲ್ಲ ಅದನ್ನು.
ನಕ್ಷತ್ರದೆದುರು ಹಾಯುವಾಗ
ಬೆಳಕಿನಲ್ಲಿ ಬಿದ್ದ ನಾಲ್ಕು ತಗ್ಗು, ಅಷ್ಟೇ ಪುರಾವೆ.
ಅಷ್ಟರಿಂದ ಇಡೀ ಆಕಾಶ ಹೊಲಿಯಬೇಕು,
ಗುಂಡಿ ಕೊಟ್ಟು ಅಂಗಿ ಹೊಲಿ ಅಂದ ಹಾಗೆ.

ತೊಂದರೆ ಮೀಥೇನಿನದು.
ಮೇಲಿನ ಪದರ ತಣ್ಣಗಿದೆ. ತಣ್ಣಗೆ ಅಂದರೆ
ಸೀಸ ಕರಗಿ ಹರಿಯುವಷ್ಟು.
ಆ ಶಾಖಕ್ಕೆ ಇಂಗಾಲ ಜಲಜನಕದ ಕೈ ಹಿಡಿಯಬೇಕು,
ಪುಸ್ತಕ ಹಾಗನ್ನುತ್ತದೆ, ನನ್ನ ಲೆಕ್ಕವೂ.
ದೂರದರ್ಶಕ ಮಾತ್ರ ಇಲ್ಲ ಅನ್ನುತ್ತದೆ.
ಬೆಳಕು ತಂದದ್ದು ಕಾರ್ಬನ್ ಮಾನಾಕ್ಸೈಡಿನ ಗುರುತು,
ಆಳದ ಕುಲುಮೆಯಲ್ಲಿ ಹುಟ್ಟಬೇಕಾದದ್ದು.
ಈ ಎತ್ತರದಲ್ಲಿ ಅದಕ್ಕೇನು ಕೆಲಸ?

ಅನುಮಾನಿಸಲು ಜಾಗ ಬೇಕಾದಷ್ಟಿತ್ತು.
ಕೋಣೆಯ ಶಾಖದಲ್ಲಿ ಯಾರೋ ಅಳೆದ ವೇಗಗಳನ್ನು
ಸಾವಿರ ಡಿಗ್ರಿಗೆ ಜಗ್ಗಿದ್ದೆ.
ನಾನೂರ ಹದಿನೇಳನೆಯದು ಬರೀ ಊಹೆ,
ಯಾರ ಊಹೆಯೆಂದೂ ಗೊತ್ತಿಲ್ಲ.

ಬೆಳಗಿನ ಜಾವ ಐದಕ್ಕೆ ಕರೆಂಟು ಹೋಯಿತು.
ಹನ್ನೊಂದು ಗಂಟೆಯ ಲೆಕ್ಕ ಹೊಳೆಗೆ.
ಕೆಳಗಿಂದ ಕೂಗು:
‘ಮೇಡಂ, ಎದ್ದಿದ್ದರೆ ಒಂಚೂರು ಬನ್ನಿ!’
ಉರಿಯ ಮೇಲೆ ಡ್ರಮ್ಮು ತಿರುಗದೆ ನಿಂತಿತ್ತು.
ಹಿಡಿಕೆ ತಿರುಗಿಸಿದೆ, ಬೀಜ ಚಟಚಟ ಅನ್ನುವವರೆಗೆ.
ಅವರು ಬಾಗಿಲು ಎಳೆದರು, ತಟ್ಟೆಗೆ ಸುರಿದರು.
ಫ್ಯಾನಿಲ್ಲ. ನನಗೊಂದು ಮೊರ, ಅವರಿಗೊಂದು ಮರದ ಸೌಟು.
‘ಬೀಸಿ, ಬೀಸಿ! ಬೆಂಕಿಯಿಂದ ಇಳಿಸಿದ ಮಾತ್ರಕ್ಕೆ
ಬೇಯೋದು ನಿಲ್ಲಲ್ಲ. ಬೀಜಕ್ಕೆ ಒಳಗೇ ಒಲೆ ಇದೆ.
ಎಷ್ಟು ಬೇಗ ತಣಿಸ್ತೀವೋ ಅಲ್ಲಿಗೆ ಹದ ನಿಂತಿತು.’

ಆಗಲೇ ಹೊಳೆಯಿತು ಅಂದರೆ ಸುಳ್ಳಾದೀತು.
ಆಗ ತೋಳು ನೋಯುತ್ತಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು.
ಹೊಳೆದದ್ದು ಮಧ್ಯಾಹ್ನ, ಕಾಲೇಜಿನಲ್ಲಿ ಹಾಜರಿ ಕರೆಯುವಾಗ,
ಮುಬೀನಾಳಿಗೂ ಯತಿರಾಜನಿಗೂ ನಡುವೆ.
ಹೊಸ ಮಾತೂ ಅಲ್ಲ, ನಾನೇ ಪಾಠ ಹೇಳಿದ್ದು.
ಕಲಕುವ ವೇಗದ ಅಂಕಿಯೊಂದಿದೆ,
ಹಿಂದಿನವರು ಇಟ್ಟದ್ದು, ನಾನು ಮುಟ್ಟಿರಲಿಲ್ಲ.

ಮುಟ್ಟಿದೆ. ನೂರು ಪಟ್ಟು ಮಾಡಿದೆ.
ಆಳದ ಅನಿಲ ಈಗ ಏರುವ ಭರಕ್ಕೆ
ಬದಲಾಗಲು ಅದಕ್ಕೆ ಪುರುಸೊತ್ತಿಲ್ಲ.
ಒಂದು ಮಟ್ಟ ದಾಟಿದರೆ ಹದ ನಿಂತಿತು,
ಆಮೇಲೆ ಎಷ್ಟು ಮೇಲೇರಿದರೂ, ಎಷ್ಟು ತಣಿದರೂ
ಅದು ಹೇಳುವುದು ಕೆಳಗಿನ ಬೆಂಕಿಯ ಸುದ್ದಿ.

ಎರಡು ಗಂಟೆ ಹತ್ತು ನಿಮಿಷಕ್ಕೆ ಲೆಕ್ಕ ದಡ ಮುಟ್ಟಿತು.
ಮೀಥೇನಿನ ಗೆರೆ ತಲೆ ತಗ್ಗಿಸಿ ಕೂತಿತು.
ಚಪ್ಪಾಳೆಗೆ ಮನೆಯಲ್ಲಿ ಯಾರೂ ಇರಲಿಲ್ಲ,
ಇದ್ದರೂ ತಡೆಯುತ್ತಿದ್ದೆ:
ಅಮೋನಿಯದ ಗೆರೆ ಮೂರು ಪಟ್ಟು ಮೇಲೆದ್ದಿತ್ತು.

ಬೆಳಿಗ್ಗೆ ಅರ್ಧ ಕೇಜಿ ಪುಡಿ ಕಟ್ಟುತ್ತಾ
ಲಿಗೋರಿಯವರು ಕೇಳಿದರು,
‘ನಿಮ್ಮ ಆ ಊರಿನ ಗಾಳಿ ಸರಿಹೋಯಿತಾ?’
‘ಒಂದು ಸರಿಹೋಯಿತು. ಈಗ ಅಮೋನಿಯ ಜಾಸ್ತಿ.’
ದಾರ ಸುತ್ತುವ ಕೈ ನಿಂತಿತು.
‘ಅಮೋನಿಯ ಅಂದ್ರೆ, ಬಸ್‌ಸ್ಟ್ಯಾಂಡ್ ಹಿಂದಿನ ಗೋಡೆ ಹತ್ರ
ಬರುತ್ತಲ್ಲ, ಆ ವಾಸನೆ ತಾನೆ?’
‘ಅದೇ.’
‘ಅಲ್ಲೂ ಇದೆಯಾ!’

ಇದೆ ಅನ್ನುತ್ತದೆ ಲೆಕ್ಕ.
ಬೆಳಕು ಇನ್ನೂ ಬಾಯಿ ಬಿಟ್ಟಿಲ್ಲ.