ಕೆಳದಾರ

ಬಾಬಿನ್ನಿನ ದಾರ ಮುಗಿದದ್ದು
ಮಿಷನ್ನಿಗೆ ಗೊತ್ತಾಗುವುದಿಲ್ಲ.
ಅದೇ ಸದ್ದು, ಅದೇ ಓಟ,
ಸೂಜಿ ತೂತು ಹಾಕುತ್ತಲೇ ಹೋಗುತ್ತದೆ.
ಒಂದು ಗೇಣು ಹೋದ ಮೇಲೆ
ಎತ್ತಿ ನೋಡಿದರೆ ಹೊಲಿಗೆಯೇ ಇಲ್ಲ,
ಬರೀ ಚುಕ್ಕಿ.

ಹಾಗೇ ಆಯಿತು ನನ್ನ ಪಾಸ್‌ಬುಕ್ಕು.

ಆಧಾರ್ ಜೋಡಿಸಲೆಂದು ಬ್ಯಾಂಕಿಗೆ ಹೋದವಳು
ಎಂಟ್ರಿ ಹಾಕಿಸಿದೆ, ಒಂದೂವರೆ ವರ್ಷದ ಮೇಲೆ.
ಯಂತ್ರ ಕರಕರ ಅಗಿದು ಉಗಿದ ಪುಟದಲ್ಲಿ
ಒಂಬೈನೂರ ನಲವತ್ಮೂರು,
ಒಂಬೈನೂರ ನಲವತ್ಮೂರು,
ಸಾಲಾಗಿ ಹನ್ನೊಂದು ಸಲ,
ಐದನೇ ತಾರೀಖು ತಪ್ಪಿಲ್ಲ.
ನನ್ನ ಗಂಡನ ಸಂಬಳಕ್ಕೂ ಇಲ್ಲ ಅಷ್ಟು ನಿಷ್ಠೆ.

ನಾನು ಒಪ್ಪಿದ್ದು ನಾನೂರ ತೊಂಬತ್ತೊಂಬತ್ತಕ್ಕೆ.
ಜೋಡಿ ರಸ್ತೆಯ ಕಂಬದಿಂದ ವೈರು ಎಳೆದ ಸಾದಿಕ್
ಏಣಿಯ ಮೇಲಿಂದಲೇ ಕೂಗಿ ಹೇಳಿದ್ದ ಅದನ್ನ,
ಅಕ್ಕಪಕ್ಕದವರಿಗೂ ಕೇಳಲೆಂದು.
"ಅಕೌಂಟಿಂದ ತಾನೇ ಹೋಗುತ್ತೆ, ತಲೆನೋವಿಲ್ಲ" ಅಂದ.
"ಆರು ತಿಂಗಳು" ಅಂದನೋ ಏನೋ,
ಡ್ರಿಲ್ಲಿನ ಸದ್ದಲ್ಲಿ ಹೋಯಿತು.

ನನಗೂ ಬೇಕಿತ್ತು. ಈಗಿನ ಹುಡುಗಿಯರು
ಅಳತೆ ಬ್ಲೌಸು ತರುವುದಿಲ್ಲ, ಫೋಟೊ ತರುತ್ತಾರೆ:
ಬೆನ್ನಿಗೆ ನವಿಲು, ತೋಳಿಗೆ ಜಾಲರಿ,
"ಇದೇ ಥರ ಆಂಟಿ."
ರಾತ್ರಿ ಕೂತು ವಿಡಿಯೊ ನಿಲ್ಲಿಸಿ ನಿಲ್ಲಿಸಿ
ಆ ನವಿಲನ್ನು ಬಿಚ್ಚಿ ನೋಡಿ ಕಲಿತವಳು.
ಉಪಕಾರ ಮರೆತಿಲ್ಲ.

ಆದರೆ ಆಂಜಿನಮ್ಮನನ್ನು ನೋಡಿ.
ಹಾಲಿಗೆ ಎರಡು ರೂಪಾಯಿ ಏರಿಸಬೇಕಾದಾಗ
ಕ್ಯಾನು ಕೆಳಗಿಟ್ಟಳು, ಹಾಲು ಅಳೆಯಲಿಲ್ಲ.
ಸೆರಗಿನ ತುದಿ ತಿರುವಿದಳು.
ನನ್ನ ಮಗಳ ಪರೀಕ್ಷೆ ವಿಚಾರಿಸಿದಳು,
ಅಂಬಾಜಿದುರ್ಗದ ಮೇಲಿನ ಮೋಡ ನೋಡಿದಳು.
ಕೊನೆಗೆ, "ಬೂಸಾ ಮೂಟೆ ಏರ್‌ಬಿಟ್ಟೈತೆ ಕಣಕ್ಕ,
ಒಂದನೇ ತಾರೀಖಿಂದ..." ಅಂದು
ಮಾತು ಮುಗಿಸಲಿಲ್ಲ.
ನಾನು ಒಂದಿಷ್ಟು ಗೊಣಗಿದೆ, ಅದು ನನ್ನ ಪಾಲಿನ ಮರ್ಯಾದೆ.
ಅವಳು ಕೊಸರು ಹುಯ್ದಳು, ಅದು ಅವಳದು.
ಎರಡು ರೂಪಾಯಿಗೆ ಇಬ್ಬರೂ ಅಷ್ಟು ಕೆಲಸ ಮಾಡಿದೆವು.

ಇಲ್ಲಿ ಯಾರೂ ಸೆರಗು ತಿರುವಲಿಲ್ಲ.

ಫೋನು ಹಚ್ಚಿದೆ. ಕನ್ನಡಕ್ಕೆ ಎರಡು ಒತ್ತಿ.
ಒತ್ತಿದೆ. ಸಂಗೀತ ಬಂತು,
ಎರಡು ತೋಳು ಕೂಡಿಸಿ ಮುಗಿಸುವಷ್ಟು ಹೊತ್ತು.
ಆಮೇಲೊಬ್ಬಳು ಹುಡುಗಿ, ಇಸ್ತ್ರಿ ಮಾಡಿದ ದನಿ:
"ನಿಮ್ಮ ಆಫರ್ ಅವಧಿ ಮುಗಿದಿದೆ ಮೇಡಂ."
ಹೇಳಲೇ ಇಲ್ಲವಲ್ಲಮ್ಮ?
"ಮೇಲ್ ಕಳಿಸಿರುತ್ತೇವೆ ಮೇಡಂ."
ಯಾವ ಮೇಲು? ನನಗೆ ಗೊತ್ತಿರುವುದು
ಮೇಲ್ದಾರ, ಕೆಳದಾರ.
ಹೋಗಲಿ, ಆ ನಾನೂರ ತೊಂಬತ್ತೊಂಬತ್ತು?
"ಅದು ಹೊಸಬರಿಗೆ ಮೇಡಂ.
ನೀವು ಹಳೇ ಗ್ರಾಹಕರು."

ಹಳೇ ಗಿರಾಕಿ ಅಂದರೆ ನಮ್ಮ ಚಿಂತಾಮಣಿಯಲ್ಲಿ
ಸ್ಟೂಲು ಎಳೆದು ಕೂರಿಸುವುದು, ಟೀ ಹೇಳುವುದು,
ಹುಕ್ಕು ಕಿತ್ತು ಬಂದರೆ ಸುಮ್ಮನೆ ಹಾಕಿಕೊಡುವುದು.
ಆ ಮಾತಿನ ಒಳಮೈಯನ್ನೇ
ಹೊರಗೆ ಮಾಡಿ ಹೊಲಿದಿದ್ದರು ಅವರು.

ಕತ್ತರಿಸುವ ಮೇಜಿನ ಮೇಲೆ, ಚಾಕ್‌ಪೀಸಲ್ಲಿ, ಲೆಕ್ಕ ಹಾಕಿದೆ:
ತಿಂಗಳಿಗೆ ನಾನೂರ ನಲವತ್ನಾಲ್ಕು ಹೆಚ್ಚು, ಹನ್ನೊಂದು ತಿಂಗಳು.
ಹದಿನಾಲ್ಕು ಲೈನಿಂಗ್ ಬ್ಲೌಸು,
ಹದಿನಾರು ರೂಪಾಯಿ ಕಮ್ಮಿ.
ಹದಿನಾಲ್ಕು ಹೆಂಗಸರ ಬೆನ್ನು.

ವೈರು ತೆಗೆಸಿದೆ. ಹತ್ತು ದಿನ ಬಿಟ್ಟು
ಅತ್ತೆಯ ಹೆಸರಲ್ಲಿ ಅರ್ಜಿ ಹಾಕಿದೆ.
ಮುನಿನಾರಾಯಣಮ್ಮ, ವಯಸ್ಸು ಎಪ್ಪತ್ತೊಂಬತ್ತು,
ಫೋನು ತಲೆಕೆಳಗು ಹಿಡಿದು ಹಲೋ ಅನ್ನುವವರು,
ಹೊಸ ಗ್ರಾಹಕರು, ಸುಸ್ವಾಗತ.
ಅದೇ ಸಾದಿಕ್, ಅದೇ ಏಣಿ,
ಅದೇ ತೂತಿಗೆ ಅದೇ ವೈರು.
ಅವನು ನಗಲಿಲ್ಲ; ನಾನೂ.
"ಆರು ತಿಂಗಳು ಅಕ್ಕ" ಅಂದ ಈ ಸಲ,
ಏಣಿ ಇಳಿದು ಬಂದು, ಮೆಲ್ಲಗೆ.
ಡ್ರಿಲ್ಲು ಬೇಕಾಗಿರಲಿಲ್ಲ.

ಗೆದ್ದೆ ಅಂದುಕೊಂಡೇ ಮಲಗಿದೆ.
ಬೆಳಗಿನ ಜಾವ ನೆನಪಾದರು
ಕುರುಬೂರಿನ ಟೀಚರು.
ಒಂಬತ್ತು ವರ್ಷದಿಂದ ನನ್ನಲ್ಲೇ ಹೊಲಿಸುವವರು,
ರೇಟು ಕೇಳದೆ ಐನೂರರ ನೋಟು ಕೊಟ್ಟು
ಚಿಲ್ಲರೆ ಎಣಿಸದೆ ಪರ್ಸು ಮುಚ್ಚುವವರು.
ದೀಪಾವಳಿಯಿಂದ ಅವರಿಗೆ ಮೂವತ್ತು ಹೆಚ್ಚು ಹಿಡಿದಿದ್ದೇನೆ.
ಹೇಳಿಲ್ಲ.
ಕೇಳಲಿಲ್ಲವಲ್ಲ, ಅಂತ.

ಕ್ಯಾಲೆಂಡರಿನಲ್ಲಿ ಆರು ಹಾಳೆ ಎತ್ತಿ
ಐದನೇ ತಾರೀಖಿಗೆ ಸುತ್ತು ಹಾಕಿದೆ.
ಆಮೇಲೆ ಅಂಗಡಿಯ ಶಟರ್ ಎತ್ತಿ
ಸ್ಟೂಲಿಗೆ ಎದುರಾದ ಗೋಡೆಯ ಮೇಲೆ
ಚಾಕ್‌ಪೀಸಲ್ಲಿ "ಲೈನಿಂಗ್ ಬ್ಲೌಸು" ಅಂತ ಬರೆದು
ಮುಂದಿನ ಅಂಕಿಗೆ
ಸುಮಾರು ಹೊತ್ತು ನಿಂತೆ.